ಹಸಿರಿನ ಬೆಲೆ ಯಾರ ಖಾತೆಗೆ? ಭೂ ಸಂರಕ್ಷಣೆ ಮತ್ತು ಖಾಸಗಿ ಸ್ವತ್ತಿನ ಹಕ್ಕು

ವ್ಯಾಪಾರಿಯ ಅಢಾವೆ ಪತ್ರಿಕೆಯಲ್ಲಿ ಜಮೀನಿಗೆ ವಿಶೇಷ ಸ್ಥಾನವಿದೆ. ಯಂತ್ರಕ್ಕೆ, ವಾಹನಕ್ಕೆ, ಕಟ್ಟಡಕ್ಕೆ ವರ್ಷವರ್ಷವೂ ಸವಕಳಿ ಬರೆಯುತ್ತೇವೆ, ಜಮೀನಿಗೆ ಬರೆಯುವುದಿಲ್ಲ. ಅದು ಸವೆಯದ ಸ್ವತ್ತು ಎಂಬ ನಂಬಿಕೆಯ ಮೇಲೆಯೇ ಬ್ಯಾಂಕು ಸಾಲ ಕೊಡುತ್ತದೆ, ಪಾಲುದಾರರು ಬಂಡವಾಳ ಹೂಡುತ್ತಾರೆ, ತಂದೆಯು ಮಕ್ಕಳಿಗೆ ಉದ್ಯಮವನ್ನು ಒಪ್ಪಿಸುತ್ತಾನೆ. ಕಳೆದ ಎರಡು ದಶಕಗಳಲ್ಲಿ ಈ ನಂಬಿಕೆ ಸಡಿಲವಾಗಿದೆ. ಕ್ರಯಪತ್ರ ಹಾಗೆಯೇ ಇದ್ದು, ಪಹಣಿಯಲ್ಲಿ ಹೆಸರೂ ಹಾಗೆಯೇ ಇದ್ದು, ಒಂದು ಅಧಿಸೂಚನೆಯಿಂದಲೋ ನ್ಯಾಯಾಲಯದ ಒಂದು ಆದೇಶದಿಂದಲೋ ಜಮೀನಿನ ಉಪಯೋಗ ಮಾತ್ರ ಕುಗ್ಗುವ ಪ್ರಸಂಗಗಳು ಹೆಚ್ಚುತ್ತಿವೆ. ಒಡೆತನ ಉಳಿಯುತ್ತದೆ, ಮೌಲ್ಯ ಇಳಿಯುತ್ತದೆ.

ಭೂಮಿ, ಕಾಡು, ಕೆರೆಗಳ ಸಂರಕ್ಷಣೆ ಬೇಕೇ ಬೇಡವೇ ಎಂಬುದು ಇಂದು ಚರ್ಚೆಯ ವಿಷಯವಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗು, 2024ರ ಜುಲೈನಲ್ಲಿ ನೆರೆಯ ವಯನಾಡು ಅನುಭವಿಸಿದ ಭೂಕುಸಿತಗಳು ಆ ಪ್ರಶ್ನೆಗೆ ಉತ್ತರ ನೀಡಿವೆ. ಉಳಿದಿರುವ ಪ್ರಶ್ನೆ ಲೆಕ್ಕಕ್ಕೆ ಸಂಬಂಧಿಸಿದ್ದು. ಸಂರಕ್ಷಣೆಗೆ ತಗಲುವ ವೆಚ್ಚವನ್ನು ಯಾರ ಖಾತೆಗೆ ಖರ್ಚು ಬರೆಯಬೇಕು?

ಚಳವಳಿ ಮತ್ತು ಹಕ್ಕು ಒಂದೇ ಪಕ್ಷದಲ್ಲಿದ್ದ ಕಾಲ

ನಮ್ಮ ನಾಡಿನಲ್ಲಿ ಸಂರಕ್ಷಣೆ ಮತ್ತು ಭೂಹಕ್ಕುಗಳು ಮೊದಲಿನಿಂದಲೂ ಪರಸ್ಪರ ವಿರೋಧಿಗಳಾಗಿರಲಿಲ್ಲ ಎಂಬುದನ್ನು ಮೊದಲು ನೆನೆಯಬೇಕು. ಉತ್ತರ ಕನ್ನಡದ ಅಡಿಕೆ ಬೆಳೆಗಾರನಿಗೆ ಒಂದು ಎಕರೆ ತೋಟಕ್ಕೆ 9 ಎಕರೆಗಳವರೆಗೆ ಸೊಪ್ಪಿನ ಬೆಟ್ಟದ ಸೌಲಭ್ಯವಿತ್ತು. ಬೆಟ್ಟದ ಒಡೆತನ ಅವನದಲ್ಲ. ಸೊಪ್ಪು, ದರಗು, ಒಣಕಟ್ಟಿಗೆಗಳ ಅನುಭೋಗ ಅವನದು. ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ ಇಂಥವೇ ವ್ಯವಸ್ಥೆಗಳು. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಈ ವಿಶೇಷ ಸೌಲಭ್ಯಗಳನ್ನು ಇಂದಿಗೂ ಗುರುತಿಸುತ್ತದೆ. ಬೆಟ್ಟ ಬೋಳಾದರೆ ತೋಟಕ್ಕೆ ಗೊಬ್ಬರವಿಲ್ಲ. ಆದ್ದರಿಂದ ಬೆಟ್ಟವನ್ನು ಕಾಯುವುದು ಬೆಳೆಗಾರನ ಸ್ವಹಿತವೇ ಆಗಿತ್ತು.

1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯಲ್ಲಿ ಅಪ್ಪಿಕೋ ಚಳವಳಿ ಆರಂಭವಾದಾಗ ಮರಗಳನ್ನು ಅಪ್ಪಿಕೊಂಡವರು ಇದೇ ಗ್ರಾಮಸ್ಥರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ನಡೆದ 'ಕಿತ್ತಿಕೋ ಹಚ್ಚಿಕೋ' ಸತ್ಯಾಗ್ರಹವೂ ಇಲ್ಲಿ ಉಲ್ಲೇಖನೀಯ. ಸುಮಾರು 30,000 ಹೆಕ್ಟೇರ್ ಗ್ರಾಮ ಸಾಮೂಹಿಕ ಭೂಮಿಯನ್ನು ನೀಲಗಿರಿ ನೆಡುತೋಪುಗಳಿಗಾಗಿ ಒಂದು ಜಂಟಿ ವಲಯದ ಕಂಪೆನಿಗೆ ವಹಿಸುವ ಯೋಜನೆಯ ವಿರುದ್ಧ ರೈತರು ನೀಲಗಿರಿ ಸಸಿಗಳನ್ನು ಕಿತ್ತು, ಜನೋಪಯೋಗಿ ಸಸಿಗಳನ್ನು ನೆಟ್ಟರು. ಅಂದು ಸಂರಕ್ಷಣೆ ಎಂದರೆ ಜನರ ಅನುಭೋಗದ ರಕ್ಷಣೆಯೂ ಆಗಿತ್ತು. ಚಳವಳಿಗೆ ಬಲ ಬಂದದ್ದು ಅಲ್ಲಿಂದಲೇ.

ಇಂದು ಅದೇ ಮಲೆನಾಡಿನ ಊರುಗಳಲ್ಲಿ ಸಂರಕ್ಷಣೆಯ ಹೆಸರೆತ್ತಿದರೆ ಬಂದ್ ಆಚರಣೆ, ಪಂಚಾಯಿತಿಗಳ ವಿರೋಧ ನಿರ್ಣಯಗಳು ಕಾಣುತ್ತವೆ. ಮರ ಅಪ್ಪಿಕೊಂಡವರ ಮಕ್ಕಳೇ ಇಂದು ವಿರೋಧಿಗಳ ಸಾಲಿನಲ್ಲಿ ನಿಂತಿದ್ದರೆ, ಅದಕ್ಕೆ ಕಾರಣವನ್ನು ಅವರ ಮನೋಭಾವದಲ್ಲಿ ಹುಡುಕುವುದಕ್ಕಿಂತ ಸಂರಕ್ಷಣೆಯ ವಿಧಾನದಲ್ಲಿ ಹುಡುಕುವುದು ಉಚಿತ.

ನಕ್ಷೆಯ ಮೇಲಿನ ಗೆರೆ

ಪಶ್ಚಿಮ ಘಟ್ಟಗಳ ವಿಚಾರವನ್ನೇ ನೋಡೋಣ. ಪ್ರೊ. ಮಾಧವ ಗಾಡ್ಗೀಳ್ ಅಧ್ಯಕ್ಷತೆಯ ತಜ್ಞರ ಸಮಿತಿಯು 2011ರಲ್ಲಿ ವರದಿ ನೀಡಿತು. ಅದಕ್ಕೆ ವಿರೋಧ ಬಂದಾಗ ಡಾ. ಕೆ. ಕಸ್ತೂರಿರಂಗನ್ ನೇತೃತ್ವದ ಉನ್ನತ ಮಟ್ಟದ ಕಾರ್ಯತಂಡ ರಚನೆಯಾಗಿ 2013ರ ಏಪ್ರಿಲ್‌ನಲ್ಲಿ ಮತ್ತೊಂದು ವರದಿ ಸಲ್ಲಿಕೆಯಾಯಿತು. ಘಟ್ಟ ಪ್ರದೇಶದ ಸುಮಾರು ಶೇ. 37 ಭಾಗವನ್ನು, ಅಂದರೆ ಸುಮಾರು 60,000 ಚದರ ಕಿಲೋಮೀಟರ್‌ಗಳನ್ನು, ಪರಿಸರ ಸೂಕ್ಷ್ಮ ಪ್ರದೇಶವೆಂದು ಅದು ಗುರುತಿಸಿತು. ಇದರ ಆಧಾರದ ಮೇಲೆ ಕೇಂದ್ರ ಸರ್ಕಾರವು 2014ರ ಮಾರ್ಚ್‌ನಲ್ಲಿ ಮೊದಲ ಕರಡು ಅಧಿಸೂಚನೆ ಹೊರಡಿಸಿತು. ನಿಗದಿತ ಅವಧಿಯಲ್ಲಿ ಅಂತಿಮಗೊಳ್ಳದೆ ಅದು ಬಿದ್ದುಹೋಯಿತು. ಬಳಿಕ 2015, 2017, 2018 ಹಾಗೂ 2022ರಲ್ಲಿ ಹೊಸ ಕರಡುಗಳು ಬಂದವು. ವಯನಾಡಿನ ದುರಂತದ ಮರುದಿನ, 2024ರ ಜುಲೈ 31ರಂದು, ಆರನೆಯ ಕರಡು ಪ್ರಕಟವಾಯಿತು. ಆರು ರಾಜ್ಯಗಳ 56,825.7 ಚದರ ಕಿಲೋಮೀಟರ್ ವ್ಯಾಪ್ತಿಯಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಬೇರಾವ ರಾಜ್ಯದ ಪಾಲೂ ಇಷ್ಟಿಲ್ಲ. ರಾಜ್ಯ ಸಚಿವ ಸಂಪುಟವು 2024ರ ಸೆಪ್ಟೆಂಬರ್‌ನಲ್ಲಿ ಇದನ್ನು ತಿರಸ್ಕರಿಸಿತು. ಬೇರೆ ಬೇರೆ ಪಕ್ಷಗಳ ರಾಜ್ಯ ಸರ್ಕಾರಗಳ ನಿಲುವು ಈ ವಿಷಯದಲ್ಲಿ ಒಂದೇ ಆಗಿದೆ ಎಂಬುದು ಗಮನಾರ್ಹ.

ಕರಡಿನಲ್ಲಿ ಖಾಸಗಿ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಮಾತಿಲ್ಲ. ಗಣಿಗಾರಿಕೆ, ಕಲ್ಲುಗಣಿ, ಮರಳುಗಾರಿಕೆಗಳಿಗೆ ನಿಷೇಧ. ಹೊಸ ಉಷ್ಣ ವಿದ್ಯುತ್ ಸ್ಥಾವರಗಳಿಗೆ ಮತ್ತು ಹೊಸ ಕೆಂಪು ವರ್ಗದ ಕೈಗಾರಿಕೆಗಳಿಗೆ ನಿಷೇಧ. 20,000 ಚದರ ಮೀಟರ್ ಮತ್ತು ಅದಕ್ಕೂ ಹೆಚ್ಚಿನ ಕಟ್ಟಡ ಯೋಜನೆಗಳಿಗೆ ನಿಷೇಧ ಎಂಬುವು ಮುಖ್ಯಾಂಶಗಳು. ಅಡಿಕೆ ಸುಲಿಯುವವನಿಗೂ ಕಿರಾಣಿ ಅಂಗಡಿಯವನಿಗೂ ಇದರಿಂದ ನೇರ ಬಾಧೆ ಕಡಿಮೆ ಎಂದು ಹೇಳಬಹುದು. ಹಾಗಿದ್ದೂ ಭಯ ಏಕೆ?

ಮೊದಲನೆಯ ಕಾರಣ, ಗೆರೆಯ ಸ್ಥೂಲತೆ. ಕಾರ್ಯತಂಡವು ಗ್ರಾಮವನ್ನೇ ಘಟಕವಾಗಿ ತೆಗೆದುಕೊಂಡಿತು. ಗ್ರಾಮದ ಶೇ. 20 ಅಥವಾ ಹೆಚ್ಚಿನ ಭಾಗ ಸೂಕ್ಷ್ಮವೆಂದು ಉಪಗ್ರಹ ಚಿತ್ರಗಳಿಂದ ಕಂಡುಬಂದರೆ ಇಡೀ ಗ್ರಾಮ ಪಟ್ಟಿಗೆ ಸೇರುತ್ತದೆ. ಉಳಿದ ಭಾಗದಲ್ಲಿರುವ ಪೇಟೆ, ಗದ್ದೆ, ಶೆಡ್ಡುಗಳೂ ಅದರೊಂದಿಗೆ ಸೇರುತ್ತವೆ. ಎರಡನೆಯದು, ಕರಡಿನ ಅವಸ್ಥೆಯಲ್ಲಿಯೇ ಬರುವ ನಿರ್ಬಂಧ. ಅಂತಿಮ ಅಧಿಸೂಚನೆ ಇಲ್ಲದಿದ್ದರೂ 2013ರ ನವೆಂಬರ್ 13ರಂದೇ ಪರಿಸರ ಸಚಿವಾಲಯವು ಪರಿಸರ (ಸಂರಕ್ಷಣೆ) ಅಧಿನಿಯಮದ 5ನೆಯ ಪ್ರಕರಣದಡಿ ಇಂಥ ಹೊಸ ಯೋಜನೆಗಳನ್ನು ತಡೆಹಿಡಿಯುವ ನಿರ್ದೇಶನ ನೀಡಿತ್ತು. ಹತ್ತು ವರ್ಷಕ್ಕೂ ಮೀರಿ ಒಂದು ಪ್ರದೇಶವು ಕರಡಿನ ನೆರಳಿನಲ್ಲಿಯೇ ಇರುವುದಾದರೆ, ಅಲ್ಲಿ ಬಂಡವಾಳ ಹೂಡುವವನು ಯಾವ ಯೋಜನಾ ವರದಿ ಬರೆಯಬೇಕು?

ಅನಿಶ್ಚಿತತೆ ಘಟ್ಟಕ್ಕೆ ಮಾತ್ರ ಸೀಮಿತವಲ್ಲ. ರಾಷ್ಟ್ರೀಯ ಉದ್ಯಾನ ಹಾಗೂ ಅಭಯಾರಣ್ಯಗಳ ಸುತ್ತ ಕನಿಷ್ಠ 1 ಕಿಲೋಮೀಟರ್ ಪರಿಸರ ಸೂಕ್ಷ್ಮ ವಲಯವಿರಬೇಕು, ಅದರಲ್ಲಿ ಹೊಸ ಶಾಶ್ವತ ಕಟ್ಟಡ ಬರಬಾರದು ಎಂದು ಸರ್ವೋಚ್ಚ ನ್ಯಾಯಾಲಯ 2022ರ ಜೂನ್ 3ರಂದು ಆದೇಶಿಸಿತು. ಎಲ್ಲೆಡೆಗೂ ಒಂದೇ ಅಳತೆ ಅನ್ವಯಿಸದೆಂದು ಕಂಡು 2023ರ ಏಪ್ರಿಲ್ 26ರಂದು ಅದನ್ನು ಮಾರ್ಪಡಿಸಿತು. ಬೆಂಗಳೂರಿನ ಕೆರೆಗಳ ವಿಷಯದಲ್ಲಿಯೂ ಹೀಗೆಯೇ ಆಯಿತು. ನಗರದ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಯಂಚಿನಿಂದ 30 ಮೀಟರ್ ಮೀಸಲು ಇತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರ ಮೇ 4ರಂದು ಅದನ್ನು 75 ಮೀಟರ್‌ಗೆ ಏರಿಸಿತು. 2019ರ ಮಾರ್ಚ್ 5ರಂದು ಸರ್ವೋಚ್ಚ ನ್ಯಾಯಾಲಯವು ಆ ಸಾಮಾನ್ಯ ನಿರ್ದೇಶನವನ್ನು ರದ್ದುಪಡಿಸಿತು. ನಡುವಿನ ಮೂರು ವರ್ಷಗಳಲ್ಲಿ ನಕ್ಷೆ ಮಂಜೂರಾತಿ, ಸಾಲ, ಮಾರಾಟಗಳ ಗತಿಯೇನಾಯಿತೆಂಬುದನ್ನು ನಮ್ಮ ಸದಸ್ಯರು ಊಹಿಸಬಲ್ಲರು. ಕೆರೆಗೆ ಇದರಿಂದ ಶಾಶ್ವತ ರಕ್ಷಣೆ ದೊರೆಯಲಿಲ್ಲ. ಮಾಲೀಕನಿಗೆ ಭರವಸೆಯೂ ದೊರೆಯಲಿಲ್ಲ.

ಕಾನೂನಿನ ನಿಲುವು

ಸ್ವತ್ತಿನ ಹಕ್ಕು ಮೂಲ ಸಂವಿಧಾನದಲ್ಲಿ ಮೂಲಭೂತ ಹಕ್ಕಾಗಿತ್ತು. 44ನೆಯ ತಿದ್ದುಪಡಿಯ ಬಳಿಕ, 1979ರ ಜೂನ್ 20ರಿಂದ, ಅದು 300-ಎ ಅನುಚ್ಛೇದದಡಿ ಸಾಂವಿಧಾನಿಕ ಹಕ್ಕಾಗಿ ಉಳಿದಿದೆ. ಕಾನೂನಿನ ಅಧಿಕಾರವಿಲ್ಲದೆ ಯಾರ ಸ್ವತ್ತನ್ನೂ ಕಸಿಯುವಂತಿಲ್ಲ. 48-ಎ ಅನುಚ್ಛೇದವು ಪರಿಸರ ರಕ್ಷಣೆಯನ್ನು ರಾಜ್ಯದ ನೀತಿಯಾಗಿಯೂ, 51-ಎ ಅನುಚ್ಛೇದವು ಅದನ್ನು ಪೌರನ ಕರ್ತವ್ಯವಾಗಿಯೂ ವಿಧಿಸಿವೆ. ಎರಡೂ ಒಂದೇ ಗ್ರಂಥದ ಪುಟಗಳು.

ಪರಿಹಾರದ ಕುರಿತ ಮುಖ್ಯ ತೀರ್ಪು ನಮ್ಮ ರಾಜ್ಯದಿಂದಲೇ ಹೋದದ್ದು. ಕನಕಪುರ ರಸ್ತೆಯ ತಾತಗುಣಿಯಲ್ಲಿರುವ ರೋರಿಕ್-ದೇವಿಕಾರಾಣಿ ಎಸ್ಟೇಟನ್ನು ರಾಜ್ಯ ಸರ್ಕಾರವು 1996ರ ಅಧಿನಿಯಮದ ಮೂಲಕ ವಶಕ್ಕೆ ತೆಗೆದುಕೊಂಡಿತು. 2011ರ ಆಗಸ್ಟ್ 9ರಂದು ಸಂವಿಧಾನ ಪೀಠವು ಸರ್ಕಾರದ ಕ್ರಮವನ್ನು ಎತ್ತಿಹಿಡಿದರೂ, ಸಾರ್ವಜನಿಕ ಉದ್ದೇಶವು ಪೂರ್ವಷರತ್ತು, ಪರಿಹಾರದ ಹಕ್ಕು 300-ಎ ಅನುಚ್ಛೇದದಲ್ಲಿಯೇ ಅಂತರ್ಗತ ಎಂದು ಸ್ಪಷ್ಟಪಡಿಸಿತು.

ತೊಡಕು ಇಲ್ಲಿಯೇ ಇದೆ. ಈ ರಕ್ಷಣೆ ಮುಖ್ಯವಾಗಿ ಸ್ವತ್ತನ್ನು 'ತೆಗೆದುಕೊಂಡಾಗ' ಒದಗುತ್ತದೆ. 2013ರ ಭೂಸ್ವಾಧೀನ ಅಧಿನಿಯಮದಂತೆ ಗ್ರಾಮಾಂತರ ಜಮೀನಿಗೆ ಮಾರುಕಟ್ಟೆ ಬೆಲೆಯನ್ನು 2ರವರೆಗಿನ ಗುಣಕದಿಂದ ಗುಣಿಸಿ, ಅದರ ಮೇಲೆ ಶೇ. 100 ಸಾಂತ್ವನ ಮೊತ್ತ ಸೇರಿಸಬೇಕು; ಅಂದರೆ ಬೆಲೆಯ ನಾಲ್ಕು ಪಟ್ಟಿನವರೆಗೂ ದೊರೆಯಬಹುದು. ಅದೇ ಜಮೀನಿನ ಉಪಯೋಗವನ್ನು ಅಧಿಸೂಚನೆಯ ಮೂಲಕ ನಿರ್ಬಂಧಿಸಿದರೆ ದೊರೆಯುವುದು ಶೂನ್ಯ. ಒಂದು ಉದಾಹರಣೆಯನ್ನು ಊಹಿಸಿಕೊಳ್ಳೋಣ. ಕೈಗಾರಿಕೆಗೆಂದು ಭೂಪರಿವರ್ತನೆಯಾದ 4 ಎಕರೆ ಜಮೀನಿನ ಬೆಲೆ 1 ಕೋಟಿ 60 ಲಕ್ಷ ರೂಪಾಯಿ. ನಿರ್ಬಂಧದ ನಂತರ ಅದು 60 ಲಕ್ಷಕ್ಕೆ ಇಳಿಯಿತು. ಕಳೆದುಹೋದ 1 ಕೋಟಿ ಸರ್ಕಾರದ ಆಯವ್ಯಯದಲ್ಲಿ ಕಾಣುವುದಿಲ್ಲ, ಸಂರಕ್ಷಣಾ ಯೋಜನೆಯ ವೆಚ್ಚದಲ್ಲಿಯೂ ಕಾಣುವುದಿಲ್ಲ. ಬರೆಯದ ಖರ್ಚು ಇಲ್ಲದ ಖರ್ಚೆಂದು ಭಾವಿಸುವುದು ಲೆಕ್ಕಶಾಸ್ತ್ರದಲ್ಲಿ ದೊಡ್ಡ ದೋಷ.

ಲಾಭ ಯಾರಿಗೆ, ವೆಚ್ಚ ಯಾರಿಗೆ

ಕಾವೇರಿ, ತುಂಗಾ, ಭದ್ರಾ, ಶರಾವತಿ, ಕಾಳಿ, ನೇತ್ರಾವತಿಗಳು ಹುಟ್ಟುವುದು ಘಟ್ಟದಲ್ಲಿ. ಬೆಂಗಳೂರು ಕುಡಿಯುವ ನೀರು, ಬಯಲುಸೀಮೆಯ ಭತ್ತ ಮತ್ತು ಕಬ್ಬು, ಶರಾವತಿ-ಕಾಳಿಗಳ ಜಲವಿದ್ಯುತ್ತಿನಿಂದ ತಿರುಗುವ ಯಂತ್ರಗಳು, ಎಲ್ಲವೂ ಆ ಕಾಡಿನ ಫಲಾನುಭವಿಗಳೇ. ಪೀಣ್ಯದ ಕಾರ್ಖಾನೆಗೂ ದಾವಣಗೆರೆಯ ಅಕ್ಕಿ ಗಿರಣಿಗೂ ತೀರ್ಥಹಳ್ಳಿಯ ಕಾಡಿನಿಂದ ಲಾಭವಿದೆ. ನಿರ್ಬಂಧ ಮಾತ್ರ ತೀರ್ಥಹಳ್ಳಿಯವನಿಗೆ.

ಸರ್ಕಾರಕ್ಕೆ ಹಸಿರಿನ ಬೆಲೆ ತಿಳಿಯದು ಎಂದೇನೂ ಇಲ್ಲ. ಅರಣ್ಯ ಭೂಮಿಯನ್ನು ಅರಣ್ಯೇತರ ಉದ್ದೇಶಕ್ಕೆ ಬಳಸುವ ಉದ್ಯಮಿಯಿಂದ 'ನಿವ್ವಳ ಪ್ರಸ್ತುತ ಮೌಲ್ಯ'ವನ್ನು ವಸೂಲು ಮಾಡಲಾಗುತ್ತದೆ. ಸರ್ವೋಚ್ಚ ನ್ಯಾಯಾಲಯ 2008ರಲ್ಲಿ ಒಪ್ಪಿದ ದರ ಹೆಕ್ಟೇರಿಗೆ 4.38 ಲಕ್ಷದಿಂದ 10.43 ಲಕ್ಷ ರೂಪಾಯಿ. 2022ರಲ್ಲಿ ದರಗಳನ್ನು ಏರಿಸಲಾಗಿದೆ. ಕೇಂದ್ರ ತೆರಿಗೆಗಳ ಹಂಚಿಕೆಯಲ್ಲಿ 14ನೆಯ ಹಣಕಾಸು ಆಯೋಗವು ಅರಣ್ಯ ಪ್ರದೇಶಕ್ಕೆ ಶೇ. 7.5 ತೂಕ ನೀಡಿತು. 15ನೆಯ ಆಯೋಗವು ಅದನ್ನು ಶೇ. 10ಕ್ಕೆ ಏರಿಸಿತು. ಅಂದರೆ ಕಾಡು ಕಡಿದರೆ ಉದ್ಯಮಿ ತೆರಬೇಕು. ಕಾಡು ಉಳಿದರೆ ರಾಜ್ಯದ ಬೊಕ್ಕಸಕ್ಕೆ ಪಾಲು ಬರುತ್ತದೆ. ತನ್ನ ಜಮೀನಿನಲ್ಲಿ ಮರ ಉಳಿಸಿಕೊಂಡವನಿಗಾಗಲೀ ಅವನ ಗ್ರಾಮ ಪಂಚಾಯಿತಿಗಾಗಲೀ ಈ ಲೆಕ್ಕದಲ್ಲಿ ಪ್ರತ್ಯೇಕ ಪಾಲೆಂಬುದಿಲ್ಲ. ಸಂರಕ್ಷಣಾ ಚಳವಳಿಯ ಎದುರಿಗಿರುವ ಅತಿದೊಡ್ಡ ಸವಾಲು ಇದೇ ಎಂದು ನನ್ನ ಅಭಿಪ್ರಾಯ. ಮರ ಉಳಿಸಿದರೆ ನಾಳೆ ನಿರ್ಬಂಧ ಬರುತ್ತದೆ ಎಂಬ ಭಾವನೆ ಬೇರೂರಿದರೆ, ಅಧಿಸೂಚನೆಗೆ ಮುಂಚೆಯೇ ಕೊಡಲಿ ಹೊರಬರುತ್ತದೆ.

ಅಮೆರಿಕದ ಪ್ರಯೋಗ ಮತ್ತು ಅದರ ಪಾಠ

ಇದೇ ತೊಡಕಿಗೆ ಅಮೆರಿಕದವರು ಬೇರೊಂದು ದಾರಿ ಹುಡುಕಿದರು. ಅಲ್ಲಿ 1891ರಲ್ಲಿಯೇ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಭೂ ಸಂರಕ್ಷಣೆಗಾಗಿ ಖಾಸಗಿ ಟ್ರಸ್ಟ್ ಸ್ಥಾಪನೆಯಾಯಿತು. ಮುಂದೆ 'ಸಂರಕ್ಷಣಾ ಈಸ್‌ಮೆಂಟ್' ಎಂಬ ಪದ್ಧತಿ ಬೆಳೆಯಿತು. ಮಾಲೀಕನು ಜಮೀನನ್ನು ತನ್ನಲ್ಲಿಯೇ ಇಟ್ಟುಕೊಂಡು, ಅದರಲ್ಲಿ ಬಡಾವಣೆ ಅಥವಾ ಕಾರ್ಖಾನೆ ಕಟ್ಟುವ ಹಕ್ಕನ್ನು ಮಾತ್ರ ಟ್ರಸ್ಟಿಗೆ ಮಾರುತ್ತಾನೆ ಅಥವಾ ದಾನ ಮಾಡುತ್ತಾನೆ. ಕರಾರು ನೋಂದಣಿಯಾಗಿ ಮುಂದಿನ ಖರೀದಿದಾರನನ್ನೂ ಬಂಧಿಸುತ್ತದೆ. ದಾನ ಮಾಡಿದ ಹಕ್ಕಿನ ಮೌಲ್ಯಕ್ಕೆ ಆದಾಯ ತೆರಿಗೆಯಲ್ಲಿ ಕಡಿತ ದೊರೆಯುತ್ತದೆ. 2015ರಲ್ಲಿ ಕಾಯಂಗೊಂಡ ನಿಯಮದಂತೆ ವರ್ಷದ ಆದಾಯದ ಶೇ. 50ರವರೆಗೆ, ಅರ್ಹ ಕೃಷಿಕರಿಗೆ ಶೇ. 100ರವರೆಗೆ ಕಡಿತವಿದ್ದು, ಉಳಿಕೆಯನ್ನು 15 ವರ್ಷ ಮುಂದಕ್ಕೆ ಒಯ್ಯಬಹುದು. ಇನ್ನೊಂದು ಕಡೆ, 1992ರ ಲೂಕಸ್ ಪ್ರಕರಣದಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯವು, ನಿರ್ಬಂಧದಿಂದ ಜಮೀನಿನ ಆರ್ಥಿಕ ಉಪಯೋಗವೆಲ್ಲ ನಶಿಸಿದರೆ ಸಾಮಾನ್ಯವಾಗಿ ಪರಿಹಾರ ಕೊಡಬೇಕೆಂಬ ತತ್ತ್ವವನ್ನು ನಿಲ್ಲಿಸಿತು.

ಈ ಪದ್ಧತಿಯೂ ದೋಷಮುಕ್ತವಲ್ಲ. ಕಡಿಮೆ ಬೆಲೆಗೆ ಜಮೀನು ಕೊಂಡು, ಕೆಲವೇ ಕಾಲದಲ್ಲಿ ಅದರ ಹಲವು ಪಟ್ಟು ಮೌಲ್ಯವನ್ನು ಕಾಗದದ ಮೇಲೆ ತೋರಿಸಿ, ಹಕ್ಕನ್ನು 'ದಾನ' ಮಾಡಿ ಹೂಡಿಕೆದಾರರಿಗೆ ತೆರಿಗೆ ಕಡಿತ ಹಂಚುವ ದಂಧೆ ಬೆಳೆಯಿತು. ಕೊನೆಗೆ 2022ರ ಡಿಸೆಂಬರ್‌ನಲ್ಲಿ, ಪಾಲುದಾರಿಕೆ ಸಂಸ್ಥೆಗಳ ಮೂಲಕ ಬರುವ ಇಂಥ ಕಡಿತವು ಹೂಡಿದ ಮೂಲಬೆಲೆಯ ಎರಡೂವರೆ ಪಟ್ಟು ಮೀರಿದರೆ ಅದನ್ನು ನಿರಾಕರಿಸುವ ಕಾನೂನು ಬಂತು. ಮೌಲ್ಯಮಾಪಕನ ಪ್ರಾಮಾಣಿಕತೆಯೇ ಇಡೀ ವ್ಯವಸ್ಥೆಯ ಆಧಾರಸ್ತಂಭ ಎಂಬುದು ಇದರ ಪಾಠ.

ನಮ್ಮಲ್ಲಿ ಈ ದಾರಿಗೆ ಎರಡು ಅಡಚಣೆಗಳಿವೆ. 1882ರ ಭಾರತೀಯ ಈಸ್‌ಮೆಂಟ್ ಅಧಿನಿಯಮದಂತೆ ಅಂಥ ಹಕ್ಕು ಇನ್ನೊಂದು ಜಮೀನಿನ ಅನುಭೋಗಕ್ಕಾಗಿಯೇ ಇರಬೇಕು. ನೆರೆಯ ಜಮೀನಿಲ್ಲದ ಟ್ರಸ್ಟ್ ಅದನ್ನು ಹೊಂದಲಾರದು. ಎರಡನೆಯದಾಗಿ, ಆದಾಯ ತೆರಿಗೆಯಲ್ಲಿ ದಾನದ ಕಡಿತ ಹಣದ ರೂಪದ ದಾನಕ್ಕೆ ಮಾತ್ರ; ಬಿಟ್ಟುಕೊಟ್ಟ ಹಕ್ಕಿಗೆ ಇಲ್ಲ. ಎರಡೂ ತಿದ್ದುಪಡಿಯಿಂದ ಸರಿಪಡಿಸಬಹುದಾದವುಗಳೇ. ಕೋಸ್ಟರೀಕ ದೇಶವು 1996ರ ಅರಣ್ಯ ಕಾನೂನಿನ ಮೂಲಕ, ಇಂಧನ ತೆರಿಗೆಯ ಒಂದು ಪಾಲಿನಿಂದ, ಕಾಡು ಉಳಿಸಿಕೊಂಡ ಖಾಸಗಿ ಮಾಲೀಕರಿಗೆ ನೇರ ಪಾವತಿ ಆರಂಭಿಸಿದ್ದನ್ನೂ ಇಲ್ಲಿ ಸ್ಮರಿಸಬಹುದು. ನಮ್ಮ ರಾಜ್ಯದಲ್ಲಿಯೂ 2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆಯವರು, ಘಟ್ಟದ ನದಿಗಳ ನೀರು ಪಡೆಯುವ ನಗರಗಳ ನೀರಿನ ಬಿಲ್ಲಿನ ಮೇಲೆ ಎರಡು ಮೂರು ರೂಪಾಯಿ ಹಸಿರು ಸೆಸ್ ವಿಧಿಸಿ, ಮಾರಲು ಇಚ್ಛಿಸುವ ಕಾಡಂಚಿನ ರೈತರಿಂದ ಜಮೀನು ಕೊಳ್ಳುವುದೇ ಮೊದಲಾದ ಕೆಲಸಗಳಿಗೆ ನಿಧಿ ರೂಪಿಸುವ ವಿಚಾರವನ್ನು ಮುಂದಿಟ್ಟರು. ಹೊಸ ಸೆಸ್ ಎಂದಾಕ್ಷಣ ವ್ಯಾಪಾರಿ ವರ್ಗ ಹುಬ್ಬು ಗಂಟಿಕ್ಕುವುದು ಸಹಜ. ಆದರೆ ಫಲಾನುಭವಿಯೇ ವೆಚ್ಚ ಭರಿಸಬೇಕು ಎಂಬ ತತ್ತ್ವ ಅದರಲ್ಲಿದೆ. ಹಣ ಬೇರೆಡೆಗೆ ಹರಿಯದಂತೆ ಪ್ರತ್ಯೇಕ ಖಾತೆಯಿರಬೇಕೆಂದು ಒತ್ತಾಯಿಸುವುದು ಹೆಚ್ಚು ವಿವೇಕದ ಮಾತು.

ನಮ್ಮ ಕಡೆಯ ಹೊಣೆ

ಹಕ್ಕಿನ ಮಾತಾಡುವವರು ತಮ್ಮ ಕಡೆಯ ಲೆಕ್ಕವನ್ನೂ ಶುದ್ಧವಾಗಿಟ್ಟುಕೊಳ್ಳಬೇಕು. ಸ್ವತ್ತಿನ ಹಕ್ಕು ನೆರೆಯವನ ಬಾವಿ ಬತ್ತಿಸುವ, ಹಳ್ಳ ಕೆಡಿಸುವ ಹಕ್ಕನ್ನು ಒಳಗೊಂಡಿಲ್ಲ. ಭೂಪರಿವರ್ತನೆಯೇ ಆಗದ ಗುಡ್ಡವನ್ನು ರೆಸಾರ್ಟಿನ ಆಸೆಯಿಂದ ಹೆಚ್ಚು ಬೆಲೆಗೆ ಕೊಂಡವನು ಆ ಆಸೆಗೆ ಪರಿಹಾರ ಕೇಳಲಾಗದು. ನಷ್ಟದ ಲೆಕ್ಕ ಕಾನೂನುಬದ್ಧ ಉಪಯೋಗದ ಮೇಲೆ ಮಾತ್ರ ನಿಲ್ಲುತ್ತದೆ.

ಜಮೀನು ಕೊಳ್ಳುವ ಮುನ್ನ ಅನೇಕರು ಋಣಭಾರ ಪತ್ರ ನೋಡಿ ತೃಪ್ತರಾಗುತ್ತಾರೆ. ಅದರಲ್ಲಿ ನೋಂದಣಿಯಾದ ವ್ಯವಹಾರಗಳಷ್ಟೇ ಕಾಣುತ್ತವೆ. ಪರಿಸರ ನಿರ್ಬಂಧಗಳು ಕಾಣುವುದಿಲ್ಲ. ಆದ್ದರಿಂದ ಕೆಳಗಿನವನ್ನೂ ಪರಿಶೀಲಿಸುವುದು ಉಚಿತ:

1. ಗ್ರಾಮದ ಹೆಸರು ಘಟ್ಟದ ಕರಡು ಅಧಿಸೂಚನೆಯ ಪಟ್ಟಿಯಲ್ಲಿದೆಯೇ. ಸಮೀಪದ ಅಭಯಾರಣ್ಯದ ಪರಿಸರ ಸೂಕ್ಷ್ಮ ವಲಯದ ಅಧಿಸೂಚನೆಯಲ್ಲಿ ಸರ್ವೆ ನಂಬರ್ ಸೇರಿದೆಯೇ.

2. 1963ರ ಕರ್ನಾಟಕ ಅರಣ್ಯ ಅಧಿನಿಯಮದ 4 ಅಥವಾ 17ನೆಯ ಪ್ರಕರಣದ ಅಧಿಸೂಚನೆ ಇದೆಯೇ. ಪಹಣಿಯ 11ನೆಯ ಕಾಲಮ್ಮಿನಲ್ಲಿ ಏನು ನಮೂದಾಗಿದೆ.

3. ಗ್ರಾಮ ನಕ್ಷೆಯಲ್ಲಿ ಕೆರೆ, ರಾಜಕಾಲುವೆ, ಹಳ್ಳಗಳು ಎಲ್ಲಿವೆ; ಮಹಾಯೋಜನೆಯಲ್ಲಿ ಅವುಗಳ ಮೀಸಲು ಎಷ್ಟು.

4. ಉದ್ದೇಶಿತ ಘಟಕವು ಮಾಲಿನ್ಯ ನಿಯಂತ್ರಣ ಮಂಡಳಿಯ ಕೆಂಪು, ಕಿತ್ತಳೆ, ಹಸಿರು, ಬಿಳಿ ವರ್ಗಗಳಲ್ಲಿ ಯಾವುದಕ್ಕೆ ಸೇರುತ್ತದೆ. ಈಗಿರುವ ಘಟಕವಾದರೆ ಸಮ್ಮತಿ ಪತ್ರ ಸಕಾಲದಲ್ಲಿ ನವೀಕರಣವಾಗಿದೆಯೇ.

5. ಕಂಪೆನಿಯ ಜಮೀನು ಇಂಥ ನಿರ್ಬಂಧಕ್ಕೆ ಒಳಗಾಗಿದ್ದರೆ, ಲೆಕ್ಕಪತ್ರದಲ್ಲಿ ಅದರ ಮೌಲ್ಯ ಇಳಿಸಬೇಕೇ ಎಂಬುದನ್ನು ಲೆಕ್ಕಪರಿಶೋಧಕರೊಡನೆ ಚರ್ಚಿಸುವುದು.

ಆಗಬೇಕಾದ್ದೇನು

ವಾಣಿಜ್ಯ ಸಂಸ್ಥೆಗಳು ಇದುವರೆಗೆ ಹೆಚ್ಚಾಗಿ 'ಬೇಡ' ಎಂಬ ಒಂದೇ ಪದದ ಮನವಿಗಳನ್ನು ಸಲ್ಲಿಸಿವೆ. ಬೇಡವೆಂದಾಗ ಕರಡು ಬೀಳುತ್ತದೆ, ಮತ್ತೆ ಬರುತ್ತದೆ. ಅನಿಶ್ಚಿತತೆ ಮಾತ್ರ ಉಳಿಯುತ್ತದೆ. ಇದಕ್ಕಿಂತ ನಾಲ್ಕು ನಿರ್ದಿಷ್ಟ ಬೇಡಿಕೆಗಳು ಹೆಚ್ಚು ಫಲಕಾರಿ. ಗಡಿಯನ್ನು ಸ್ಥಳ ಪರಿಶೀಲನೆಯ ನಂತರ ಸರ್ವೆ ನಂಬರಿನವರೆಗೆ ಗುರುತಿಸಿ ಪಹಣಿಯಲ್ಲಿ ನಮೂದಿಸಬೇಕು. ಕರಡಿನ ಅಡಿಯ ನಿರ್ಬಂಧಕ್ಕೆ ಕಾಲಮಿತಿ ಇರಬೇಕು. ಹಣಕಾಸು ಆಯೋಗದ ಹಂಚಿಕೆಯಲ್ಲಿ ಅರಣ್ಯದ ಬಾಬ್ತು ಬರುವ ಹಣದ ಒಂದು ಪಾಲು ನಿರ್ಬಂಧಿತ ಗ್ರಾಮ ಪಂಚಾಯಿತಿಗಳಿಗೂ ಭೂಹಿಡುವಳಿದಾರರಿಗೂ ಪ್ರತಿವರ್ಷ ತಲುಪಬೇಕು. ಸ್ವಇಚ್ಛೆಯಿಂದ ಅಭಿವೃದ್ಧಿ ಹಕ್ಕು ಬಿಟ್ಟುಕೊಡುವವರಿಗೆ, ಸ್ವತಂತ್ರ ಮೌಲ್ಯಮಾಪನ ಮತ್ತು ಗರಿಷ್ಠ ಮಿತಿಗಳೊಡನೆ, ಕಾನೂನಿನ ಮಾನ್ಯತೆಯೂ ತೆರಿಗೆ ಕಡಿತವೂ ದೊರೆಯಬೇಕು.

ಸಂರಕ್ಷಣಾವಾದಿಗಳು ಈ ಬೇಡಿಕೆಗಳನ್ನು ತಮ್ಮ ವಿರುದ್ಧವೆಂದು ತಿಳಿಯಬೇಕಾಗಿಲ್ಲ. ಸೊಪ್ಪಿನ ಬೆಟ್ಟ ತಲೆಮಾರುಗಳ ಕಾಲ ಉಳಿದದ್ದು ಅದನ್ನು ಕಾದವನಿಗೆ ಅದರಿಂದ ಪ್ರಯೋಜನವಿದ್ದುದರಿಂದ. ಖರ್ಚು ಒಬ್ಬನ ಖಾತೆಗೆ, ಜಮೆ ಇನ್ನೊಬ್ಬನ ಖಾತೆಗೆ ಬೀಳುವ ಲೆಕ್ಕಪುಸ್ತಕವನ್ನು ಯಾವ ವ್ಯಾಪಾರಿಯೂ ಬಹುಕಾಲ ನಡೆಸಲಾರ. ಸರ್ಕಾರವೂ ನಡೆಸಲಾರದು ಎಂಬುದಕ್ಕೆ ಹತ್ತು ವರ್ಷಗಳಲ್ಲಿ ಬಂದ ಆರು ಕರಡುಗಳೇ ಸಾಕ್ಷಿ.